ಕಾಗದದಡಿಯ ಕೂದಲು

ತಲೆಗೂದಲು ಉದುರಿದ ಆರು ಜನ ಹೆಂಗಸರಿಗೆ ಕಾರ್ಖಾನೆಯವರು ಆರು ವಿಗ್ಗುಗಳನ್ನು ಕೊಟ್ಟರು. ಆರಕ್ಕೂ ಒಂದೇ ಬಣ್ಣ, ಒಂದೇ ಉದ್ದ, ಒಂದೇ ಅಳತೆ. ನಾಳೆ ಮಾಲು ಕೊಳ್ಳುವವರು ನೋಡಲು ಬರುತ್ತಾರೆ, ಆರೂ ಜನ ಹಾಕಿಕೊಂಡೇ ಬರಬೇಕು ಎಂದರು.

ಆ ಆರರಲ್ಲಿ ಅವಳೂ ಒಬ್ಬಳು; ಅವಳದ್ದು ತಲೆಗೆ ದೊಡ್ಡದಾಯಿತು. ಗಂಡ ದರ್ಜಿ. ಮಾರನೇ ಬೆಳಿಗ್ಗೆ ಅವಳನ್ನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೊರಳಿಗೆ ಜೋತುಬಿದ್ದಿದ್ದ ಟೇಪನ್ನು ಅವಳ ಹಣೆಯ ಸುತ್ತ ತಂದು ಬಿಗಿಮಾಡಿ, "ಇಪ್ಪತ್ತೊಂದು" ಎಂದ. ಗಿರಾಕಿಗಳ ಎದೆ, ಸೊಂಟ, ತೋಳು ಎಲ್ಲವನ್ನೂ ಹೀಗೇ ಜೋರಾಗಿ ಹೇಳಿ ಅಭ್ಯಾಸ. ಕೇಳುವವರು ಯಾರೂ ಇಲ್ಲದಿದ್ದರೂ ಹೇಳುತ್ತಾನೆ. ಆಮೇಲೆ ವಿಗ್ಗನ್ನು ಒಳಮಗ್ಗುಲು ತಿರುಗಿಸಿ, ಹಿಂಬದಿಗೆ ಎರಡು ಮಡಿಕೆ ಕೊಟ್ಟು, ಕೈಹೊಲಿಗೆಯಲ್ಲೇ ಹಿಡಿದ. ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನು ಅವಳು ನೋಡುತ್ತಿದ್ದಳು. ಮೊದಲ ಸಲ ಕೂದಲು ಕೈಗೆ ಬಂದ ದಿನವೂ ಅವನು ಹೀಗೇ ಕೆಲಸಕ್ಕೆ ಕೂತವನ ಮುಖ ಮಾಡಿದ್ದ. ಅವತ್ತು ಎದ್ದು ತಿರುಗಿ ನೋಡಿದರೆ ದಿಂಬಿನ ಮೇಲೆ ಇನ್ನೊಂದು ತಲೆ ಮಲಗಿಯೇ ಇದೆ ಅನ್ನಿಸಿತ್ತು, ಅಷ್ಟು ಕೂದಲು. ಅವನು ಏನೂ ಕೇಳಲಿಲ್ಲ. ಪೊರಕೆ ತಂದ, ಮಿಷನ್ನಿನ ಕೆಳಗೆ ಬಿದ್ದಿದ್ದ ನೂಲಿನ ಚೂರು, ಬಟ್ಟೆಯ ಅಂಚು, ಅವುಗಳ ಜೊತೆಗೇ ಗುಡಿಸಿ ಮೊರಕ್ಕೆ ತುಂಬಿಕೊಂಡು ಹೊರಗೆ ಹೋದ. ಮಾತಾಡದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಅವಳಿಗೆ ಅವತ್ತು ಅನ್ನಿಸಿತ್ತು. ಮಾತಾಡದೆ ಇದ್ದದ್ದನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಎರಡೂ ನಿಜ. ಎರಡೂ ಒಳಗೆ ಅಕ್ಕಪಕ್ಕದಲ್ಲಿ ಕೂತಿವೆ, ಒಂದನ್ನೊಂದು ಮಾತಾಡಿಸುವುದಿಲ್ಲ.

"ಬಿಗೀನಾ, ಸಡಿಲಾನಾ?" ಎಂದು ಕೇಳಿದ.

"ನೀನೇ ನೋಡು."

"ನಿನ್ನ ತಲೆ ಕಣೇ."

"ಹೋಗ್ಲಿ, ಬಿಗಿ ಅಂತ ಬರ್ಕೋ."

ಅವನು ಅರ್ಧ ನಕ್ಕ. ಸೂಜಿಗಳು ಬಾಯಲ್ಲಿದ್ದುದರಿಂದ ಪೂರ್ತಿ ನಗಲಾಗಲಿಲ್ಲ.

ಚಪ್ಪಲಿ ಮೆಟ್ಟುವಾಗ ಬಗ್ಗಿ ನೋಡಿಕೊಂಡಳು. ಈಗೀಗ ನೋಡಿಕೊಂಡೇ ಮೆಟ್ಟಬೇಕು. ಮೊದಲು ಪಾದಗಳು ಉರಿಯುತ್ತಿದ್ದವು: ಕೆಂಡದ ಮೇಲೆ ನಿಲ್ಲಿಸಿದ ಹಾಗೆ, ಹೊದಿಕೆಯ ಅಂಚು ತಾಗಿದರೂ ಕಿರುಚುವ ಹಾಗೆ. ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಮೇಲೆ ಒಂದು ದಿನ ಉರಿ ಇರಲಿಲ್ಲ. ವಾಸಿಯಾಯಿತು ಎಂದು ಗಂಡನಿಗೆ ಹೇಳಿದಳು, ಅವನು ಪಕ್ಕದ ಬೇಕರಿಯಿಂದ ಬನ್ನು ತಂದ, ಇಬ್ಬರೂ ಹಂಚಿಕೊಂಡು ತಿಂದರು. ವಾಸಿಯಾದದ್ದಲ್ಲ, ಕಾಲೇ ಹೋದದ್ದು ಎಂದು ತಿಳಿದದ್ದು ಬೀದಿಯಲ್ಲಿ. ಹಿಂದಿನಿಂದ ಒಂದು ಮಗು ಓಡಿಬಂದು, "ಆಂಟಿ, ನಿಮ್ಮ ಚಪ್ಪಲಿ" ಎಂದು ಒಂದು ಚಪ್ಪಲಿ ಚಾಚಿತು. ಅವಳು ಬಹುದೂರ ಬರಿಗಾಲಲ್ಲಿ ಬಂದುಬಿಟ್ಟಿದ್ದಳು. ಮಗುವಿನ ತಾಯಿ ದೂರದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು, ಕುಡಿದಿದ್ದಾಳೆ ಅಂದುಕೊಂಡಿರಬೇಕು. "ಥ್ಯಾಂಕ್ಸ್ ಮರಿ" ಎಂದು ಹೇಳಿ, ಅದನ್ನು ಮೆಟ್ಟದೆ ಕೈಯಲ್ಲಿ ಹಿಡಿದುಕೊಂಡೇ ತಿರುವಿನವರೆಗೂ ನಡೆದಿದ್ದಳು. ಯಾಕೆ ಹಾಗೆ ಮಾಡಿದೆನೋ.

ಬಸ್ ನಿಲ್ಲುವ ಜಾಗದಲ್ಲಿ ಅಣ್ಣನ ಮಗಳು ಆಗಲೇ ಬಂದು ನಿಂತಿದ್ದಳು. ಇವತ್ತು ಕೆಲಸದಲ್ಲಿ ಅವಳ ಮೊದಲ ದಿನ. ದಪ್ಪ ಜಡೆಯನ್ನು ಸುತ್ತಿ ಮೇಲಕ್ಕೆ ಕಟ್ಟಿದ್ದಳು, ಒಗೆದ ಬಟ್ಟೆ ಹಾಕಿದ್ದಳು, ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ಆ ಹುಡುಗಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿ ಎಂದು ಮೇಸ್ತ್ರಿಗೆ ಹೇಳಿದವಳು ಅತ್ತೆಯಾದ ಅವಳೇ, ತನಗೆ ಇನ್ನೂ ತಲೆತುಂಬ ಕೂದಲಿದ್ದ ಕಾಲದಲ್ಲಿ. "ನಿನ್ನ ಬೆರಳೇ ಅವಳಿಗೂ ಬಂದಿದೆ ಕಣೇ, ಬಟ್ಟೆ ಮುಟ್ಟಿ ನೂಲು ಎಷ್ಟು ಎಳೆದು ಅಂತ ಹೇಳ್ತಾಳೆ" ಎಂದು ಅಣ್ಣ ಹೇಳಿದ್ದ. ಅವಳು ಮೇಸ್ತ್ರಿಗೆ ಹೇಳಿದ್ದಳು, ಮೇಸ್ತ್ರಿ ತಲೆ ಆಡಿಸಿದ್ದ, ಆಮೇಲೆ ಎಲ್ಲರೂ ಮರೆತಿದ್ದರು. ಈಗ ಅವಳ ಕೆಲಸದ ಬೆಂಚಿನಲ್ಲೇ ಒಬ್ಬಳು ಕಾಲು ಎತ್ತಿ ಹೊಸಿಲು ದಾಟಲು ಆಗದೆ ಮನೆಯಲ್ಲಿ ಕೂತಳು; ಜಾಗ ಖಾಲಿಯಾಯಿತು; ಮೇಸ್ತ್ರಿಗೆ ನೆನಪಾಯಿತು.

"ಅತ್ತೆ, ಚೆನ್ನಾಗಿ ಕಾಣ್ತಿದೆ" ಎಂದಳು ಹುಡುಗಿ, ವಿಗ್ಗಿನ ಕಡೆ ನೋಡದೆ.

"ಸುಳ್ಳು ಹೇಳೋಕೆ ಇನ್ನೂ ಕಲೀಬೇಕು ನೀನು."

ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಕಿಟಕಿಯ ಗಾಜಿನಲ್ಲಿ ಬೀದಿಯ ಅಂಗಡಿಗಳು ಬಾಗಿಲು ಎತ್ತುತ್ತಿದ್ದವು, ಯಾರೋ ಕಾಲುದಾರಿಗೆ ನೀರು ಎರಚುತ್ತಿದ್ದರು. ಇಲ್ಲೇ ಹೇಳಬಹುದಿತ್ತು. ಬೇಡ, ಮುಂದಿನ ನಿಲ್ದಾಣದಲ್ಲಿ ಇಳಿ, ವಾಪಸ್ ಹೋಗು. ಐದಾರು ಮಾತು. ಮಾತು ಗಂಟಲಿನವರೆಗೂ ಬಂದಿದೆಯೇ ಎಂದು ಅವಳು ಪರೀಕ್ಷಿಸಿ ನೋಡಿಕೊಂಡಳು. ಕಾಲಿನಲ್ಲಿ ಚಪ್ಪಲಿ ಇದೆಯೇ ಎಂದು ನೋಡಿಕೊಳ್ಳುವ ಹಾಗೆ. ಗಂಟಲಿನಲ್ಲಿ ಏನೂ ಇರಲಿಲ್ಲ. ಭಯ ಆಗಬೇಕಿತ್ತು, ನಾಚಿಕೆ ಆಗಬೇಕಿತ್ತು, ಕರುಳು ಚುರುಕ್ ಅನ್ನಬೇಕಿತ್ತು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಇವೆ ಎಂದು ಗೊತ್ತಿತ್ತು, ತಾಗುತ್ತಿರಲಿಲ್ಲ.

"ಕಾಲು ನೋವಾ ಅತ್ತೆ?"

"ನೋವಿಲ್ಲ" ಎಂದಳು. ಇಡೀ ದಾರಿಯಲ್ಲಿ ಅವಳು ಆಡಿದ ನಿಜವಾದ ಮಾತು ಅದೊಂದೇ.

ಕಾರ್ಖಾನೆಯ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಉಳಿದ ಐವರೂ ಕಾಯುತ್ತಿದ್ದರು. ಬಾಗಿಲು ತೆರೆದಾಗ ಐದು ತಲೆಗಳು ಒಟ್ಟಿಗೆ ತಿರುಗಿದವು, ಕಿವಿಯ ಕೆಳಗೆ ಕತ್ತರಿಸಿದ ಒಂದೇ ಕಂದು ಕೂದಲು, ಹಣೆಯ ಮೇಲೆ ಒಂದೇ ಬೈತಲೆಯ ಗೆರೆ. ಯಾರೂ ನಗಲಿಲ್ಲ. ನಗಿಸುವ ಕೆಲಸ ಗಿಣಿಯದ್ದು. ಬಾಯಿ ಮುಚ್ಚದವಳಾದ್ದರಿಂದ ಆ ಹೆಸರು. ಗಿಣಿ ಎದ್ದು ಬಂದು ಅವಳನ್ನು ಸಾಲಿನಲ್ಲಿ ನಿಲ್ಲಿಸಿ, ಕನ್ನಡಿಯಲ್ಲಿ ಆರನ್ನೂ ನೋಡಿ, "ಒಂದೇ ತಾಯಿ ಮಕ್ಕಳ ಹಾಗೆ ಇದೀವಿ ನೋಡ್ರೇ. ಅಪ್ಪಂದಿರು ಮಾತ್ರ ಯಾರ್ಯಾರೋ" ಎಂದಳು. ಆಗ ನಕ್ಕರು. ಆಮೇಲೆ ಗಿಣಿ ಹೊಸ ಹುಡುಗಿಯ ಗಲ್ಲ ಹಿಡಿದು, "ಬಾಮ್ಮ, ಮನೆ ಅಳಿಯನ್ನ ಇನ್ನೂ ನೋಡಿಲ್ಲ ಅಲ್ವಾ ನೀನು? ಸಾಧು ಮನುಷ್ಯ. ಕಾಲಿಟ್ಟ ಸದ್ದೇ ಕೇಳಲ್ಲ" ಎಂದಳು.

ಅಳಿಯ ಎಂದು ಅವರು ಕರೆಯುತ್ತಿದ್ದದ್ದು ಥಾಲಿಯಂ ಎಂಬ ಲೋಹವನ್ನು. ಆ ಹೆಸರು ಹುಟ್ಟಿದ್ದು ಕಾರ್ಖಾನೆಯ ಕೆಮಿಸ್ಟ್ ಅದನ್ನು ಕುಯ್ದು ತೋರಿಸಿದ ದಿನ. ಕಾರ್ಖಾನೆಯಲ್ಲಿ ಮಾಡುವ ಕೆಂಪು ಹರಳು ಅದರಿಂದಲೇ ಆಗುವುದು; ಮೂಲ ಲೋಹ ಹೇಗಿರುತ್ತದೆ ಎಂದು ಬೆಂಚಿನವರು ಯಾರೂ ಕಂಡಿರಲಿಲ್ಲ. ಗಿಣಿ ಕಾಡಿಸಿ ಕಾಡಿಸಿ ಕೇಳಿದ್ದಕ್ಕೆ ಕೆಮಿಸ್ಟ್ ಎಣ್ಣೆಯ ಜಾಡಿಯೊಳಗಿಂದ ಇಕ್ಕಳದಲ್ಲಿ ಒಂದು ತುಂಡು ತೆಗೆದ. ಸೀಸದ ಹಾಗೆ ಮಂಕು, ಮಂಕಿನಲ್ಲೊಂದು ನೀಲಿ ಛಾಯೆ. ಸಣ್ಣ ಚಾಕು ಇಟ್ಟು ಒತ್ತಿದ. ಲೋಹ ಸಾಬೂನಿನ ಹಾಗೆ ಇಳಿದು ಎರಡಾಯಿತು, ಕುಯ್ದ ಮುಖ ಬೆಳ್ಳಿಯ ಹಾಗೆ ಥಳಥಳ ಹೊಳೆಯಿತು. "ಅಯ್ಯೋ ಎಷ್ಟು ಚೆನ್ನಾಗಿದೆ" ಎನ್ನುವಷ್ಟರಲ್ಲಿ ಗಾಳಿ ಆಡಿ ಆ ಹೊಳಪು ಮಬ್ಬಾಗತೊಡಗಿತು. ನೋಡನೋಡುತ್ತ ಮುಖ ಕಪ್ಪಿಟ್ಟಿತು. "ಥೇಟ್ ನಮ್ಮ ಅಳಿಯನೇ ಕಣ್ರೇ. ಮದುವೆ ದಿನ ಬೆಳ್ಳಿ, ಮಾರನೇ ದಿನ ಮಸಿ" ಎಂದಿದ್ದಳು ಗಿಣಿ. ಕೆಮಿಸ್ಟಿಗೂ ನಗು ಬಂದಿತ್ತು. ಒಂದು ಚೂರನ್ನು ತಂತಿಯ ತುದಿಗಿಟ್ಟು ಉರಿಗೆ ಹಿಡಿದ. ಜ್ವಾಲೆ ಹಸಿರಾಯಿತು, ಎಳೆ ಎಲೆಯ ಹಸಿರು. ಈ ಹಸಿರಿನಿಂದಲೇ ಇದರ ಗುರುತು ಸಿಕ್ಕಿದ್ದು, ಹೆಸರೂ ಚಿಗುರು ಅನ್ನುವ ಅರ್ಥದ ಮಾತಿನಿಂದಲೇ ಬಂದದ್ದು ಎಂದ. ವಾಸನೆ? ಇಲ್ಲ. ಇದರ ಉಪ್ಪಿಗೆ ರುಚಿ? ಇಲ್ಲ. ನೀರಿಗೆ ಹಾಕಿದರೆ? ಕೆಲವು ಹಾಗೇ ಕರಗಿಬಿಡುತ್ತವೆ, ನಿಮ್ಮ ಹರಳೂ ಚೂರು ಚೂರು ಬಿಡುತ್ತೆ. ಮೈಗೆ ಹೋದರೆ? ಕೆಮಿಸ್ಟ್ ಚಾಕುವನ್ನು ಒರೆಸಿಟ್ಟ. "ಮೈಗೆ ಗುರುತು ಸಿಗಲ್ಲಮ್ಮ. ನರಕ್ಕೆ, ಗುಂಡಿಗೆಗೆ ಬೇಕಾದ ಒಂದು ಉಪ್ಪಿದೆ, ಅದರದ್ದೇ ಮೈಕಟ್ಟು ಇದಕ್ಕೂ. ಅವನೇ ಬಂದ ಅಂದ್ಕೊಂಡು ಮೈ ತಾನಾಗಿ ಬಾಗಿಲು ತೆಗೆದು ಒಳಗೆ ಕರ್ಕೊಳ್ಳುತ್ತೆ." ಅವತ್ತು ಅವನು ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿದ್ದ. ಅವಳು ಅದನ್ನು ನೋಡಿದ್ದಳು. ನೋಡಿ, ತನ್ನ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡು, ಊಟದ ಗಂಟೆಯಾಯಿತೆಂದು ಹೋಗಿ ಬ್ರೆಡ್ಡು ಮುರಿದು ತಿಂದಿದ್ದಳು.

ಮೈ ಬಾಗಿಲು ತೆಗೆದು ಒಳಗೆ ಕರೆದುಕೊಂಡ ಆ ಅಳಿಯ ಮೊದಲು ಕರುಳು ಹಿಂಡಿದ, ಆಮೇಲೆ ಪಾದ ಸುಟ್ಟ, ಆಮೇಲೆ ಕೂದಲು ಕಿತ್ತ, ಉಗುರುಗಳ ಮೇಲೆ ಅಡ್ಡಡ್ಡಲಾಗಿ ಒಂದೊಂದು ಬಿಳಿ ಗೆರೆ ಎಳೆದ. ಕಾರ್ಖಾನೆಯ ಡಾಕ್ಟರು ಆರೂ ಜನರನ್ನು ಸಾಲಾಗಿ ಕೂರಿಸಿ ನೋಡಿ, ವಯಸ್ಸಾಗುತ್ತ ಹೆಂಗಸರಿಗೆ ಇವೆಲ್ಲ ಇದ್ದದ್ದೇ ಎಂದರು. ಆರರಲ್ಲಿ ಒಬ್ಬಳಿಗೆ ಇನ್ನೂ ಮದುವೆಯ ಮಾತುಕತೆ ನಡೆಯುತ್ತಿತ್ತು. "ಆರೂ ಜನಕ್ಕೆ ಒಂದೇ ತಿಂಗಳಲ್ಲಿ ವಯಸ್ಸಾಗಿಬಿಡ್ತಲ್ಲ ಡಾಕ್ಟ್ರೇ, ಮಾತಾಡ್ಕೊಂಡು ಬಂದ ಹಾಗೆ" ಎಂದಳು ಗಿಣಿ. ಇದಕ್ಕೊಂದು ಮದ್ದಿದೆ, ಚಿತ್ರ ಬರೆಯುವವರು ಬಳಸುವ ಒಂದು ಕಡುನೀಲಿ, ಅದನ್ನೇ ಮಾತ್ರೆ ಮಾಡಿ ನುಂಗಿಸಿದರೆ ಹೊಟ್ಟೆಯಲ್ಲಿ ಅವನನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ ಎಂದು ಕೆಮಿಸ್ಟ್ ಯಾರಿಗೂ ಹೇಳಬೇಡಿ ಎನ್ನುತ್ತ ಹೇಳಿದ್ದ. ಅದನ್ನು ಕೇಳಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು, "ಅದು ಬಣ್ಣ ಕಣಮ್ಮ. ನೀವೇನು ಗೋಡೆಗಳಾ?" ಎಂದರು. ಆರು ಜನರೂ ಗೋಡೆಗಳ ಹಾಗೆಯೇ ಎದ್ದು ಬಂದರು. ಮದ್ದಿನ ಬದಲು ವಿಗ್ಗು ಬಂದವು. ಕೆಮಿಸ್ಟ್ ಈಗ ಬೆಂಚಿನ ಕಡೆಗೆ ಬರುವುದಿಲ್ಲ. ಎದುರು ಸಿಕ್ಕರೆ ಗೋಡೆಯ ಕಡೆ ತಿರುಗಿ ಸ್ವಿಚ್ಚುಗಳನ್ನು ಪರೀಕ್ಷಿಸುತ್ತಾನೆ.

ಇದೆಲ್ಲವನ್ನೂ ಎಲ್ಲರ ಜೊತೆ ಅವಳೂ ಹೊತ್ತಿದ್ದಳು. ಆದರೆ ಒಂದು ಸಂಗತಿ ಅವಳೊಬ್ಬಳದ್ದೇ. ಅವಳ ಬಲಗೈಯ ತೋರುಬೆರಳು ಸತ್ತಿತ್ತು.

ಅವಳನ್ನು ಬೆರಳಕ್ಕ ಎನ್ನುತ್ತಿದ್ದರು. ಹರಳು ಗಾಜಿನ ಹಾಗಲ್ಲ, ಮೆದು. ಉಗುರು ತಾಗಿದರೆ ಗೀರು ಬೀಳುತ್ತದೆ. ಅಂಗೈಯಗಲದ ಆ ಕೆಂಪು ಬಿಲ್ಲೆಗಳನ್ನು ನೀರಿನಲ್ಲಿ ಕಲಸಿದ ಪುಡಿಯಿಂದ ಉಜ್ಜಿ ಉಜ್ಜಿ, ಕೊನೆಗೆ ಬೆರಳ ತುದಿಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ, ದೀಪದ ಕೆಳಗೂ ಸಿಕ್ಕದ ಗೀರು ಬೆರಳಿಗೆ ಸಿಕ್ಕುತ್ತದೆ. ಕೈಗವಸು ಹಾಕಿಕೊಂಡರೆ ಸಿಕ್ಕುವುದಿಲ್ಲ, ಮೇಲಾಗಿ ಕೈಗವಸೇ ಗೀರುತ್ತದೆ. ಕೈಗವಸುಗಳು ಇದ್ದವು, ಗೋಡೆಯ ಗೂಟಕ್ಕೆ ಜೊತೆಜೊತೆಯಾಗಿ ನೇತಾಡುತ್ತಿದ್ದವು, ಬೆಂಚಿಗೆ ಕೂರುವ ಮುಂಚೆ ಹಾಕಿಕೊಂಡು ಬಂದು ಬೆಂಚಿಗೆ ಕೂತ ಮೇಲೆ ತೆಗೆದಿಡುವುದು ರೂಢಿ. ಅವಳಿಗೆ ಕಲಿಸಿದ ಮುದುಕಿ ಮೊದಲ ದಿನವೇ ಹೇಳಿದ್ದಳು: "ಗ್ಲೌಸ್ ಹಾಕ್ಕೊಂಡು ಯಾರಾದ್ರೂ ಮಗೂನ ಮುದ್ದು ಮಾಡ್ತಾರೇನೇ?" ಹೇಳಿ, ತನ್ನ ಸ್ಕಾರ್ಫಿನೊಳಗೆ ಕೈ ಹಾಕಿ ಬಹಳ ಹೊತ್ತು ಹುಡುಕಿ ಒಂದು ಕೂದಲು ಕಿತ್ತಳು. ಅದೇ ಪರೀಕ್ಷೆ. ಕಲಿಸುವವಳು ತನ್ನ ತಲೆಯ ಒಂದು ಕೂದಲನ್ನು ಗಾಜಿನ ಮೇಲಿಟ್ಟು ತೆಳು ಕಾಗದ ಮುಚ್ಚುತ್ತಾಳೆ. ಕಲಿಯುವವಳು ಕಣ್ಣು ಮುಚ್ಚಿ ಕಾಗದದ ಮೇಲೆ ಬೆರಳು ಸವರಿ ಕೂದಲು ಎಲ್ಲಿದೆ ಹೇಳಬೇಕು. ಸಿಕ್ಕಿದರೆ ಇನ್ನೊಂದು ಕಾಗದ, ಅದರ ಮೇಲೆ ಇನ್ನೊಂದು. ಎಷ್ಟು ಕಾಗದದಡಿ ಸಿಕ್ಕಿತೋ ಅಷ್ಟು ಬೆಲೆ ಆ ಬೆರಳಿಗೆ. ಮುದುಕಿ ಸಾಯುವವರೆಗೂ ಸ್ಕಾರ್ಫು ತೆಗೆಯಲಿಲ್ಲ, ಕೋಲಿಲ್ಲದೆ ನಡೆಯಲಿಲ್ಲ. ವಯಸ್ಸು ಅಂದುಕೊಂಡಿದ್ದರು. ಅವಳು ಆ ಸ್ಕಾರ್ಫಿನೊಳಗೆ ಅಷ್ಟು ಹೊತ್ತು ಏನು ಹುಡುಕುತ್ತಿದ್ದಳು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಬೆರಳು ಸತ್ತದ್ದು ಯಾರಿಗೂ ಗೊತ್ತಿಲ್ಲ. ಬಿಲ್ಲೆಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಮೊದಲಿನ ಹಾಗೇ ತಲೆ ಒಂದು ಕಡೆ ವಾಲಿಸಿ, "ಹೂಂ" ಎನ್ನುತ್ತಾಳೆ. ಪಾಸು. ಕೆಲವೊಮ್ಮೆ ಸುಮ್ಮನೆ ಒಂದನ್ನು ಎತ್ತಿ ಪಕ್ಕಕ್ಕಿಡುತ್ತಾಳೆ. ಎಲ್ಲವನ್ನೂ ಪಾಸು ಮಾಡಿದರೆ ಅನುಮಾನ ಬರುತ್ತದಲ್ಲ. ಹಾಗೆ ಪಕ್ಕಕ್ಕಿಟ್ಟದ್ದನ್ನು ಗಿಣಿಯೋ ಇನ್ನೊಬ್ಬಳೋ ಮತ್ತೆ ನೀರಿನಲ್ಲಿ ಅದ್ದಿ, ಬರಿಗೈಯಲ್ಲಿ, ಇಲ್ಲದ ಗೀರನ್ನು ಅರ್ಧ ದಿನ ಉಜ್ಜುತ್ತಾರೆ. ಅವರು ಉಜ್ಜುವುದನ್ನು ಅವಳು ನೋಡುತ್ತ ಕೂರುತ್ತಾಳೆ. ನೋಡುವಾಗಲೂ ಒಳಗೆ ಎಲ್ಲೋ ದೂರದ ಕೋಣೆಯಲ್ಲಿ ಯಾರೋ ಬಾಗಿಲು ಬಡಿದ ಹಾಗೆ ಕೇಳಿಸುತ್ತದೆ, ಅಷ್ಟೇ.

ಮಾಲು ಕೊಳ್ಳಲು ಬಂದವರು ಮೂವರು. ಅವರಲ್ಲಿ ಎತ್ತರದವನೊಬ್ಬ ಮೂರು ಕಾಲಿನ ಮೇಲೆ ಒಂದು ಯಂತ್ರ ನಿಲ್ಲಿಸಿ, ಪಕ್ಕದಲ್ಲಿ ಪರದೆ ಇಟ್ಟ. ನೀವು ಉಜ್ಜುವ ಹರಳು ಯಾವುದಕ್ಕೆ ಎಂದು ನೀವೇ ನೋಡಿ ಎಂದು ನಗುತ್ತ ಹೇಳಿದ. ಆ ಹರಳಿನಿಂದ ಮಾಡಿದ ಯಂತ್ರದ ಕೆಂಪು ಕಣ್ಣು ಬೆಳಕನ್ನಲ್ಲ, ಶಾಖವನ್ನು ನೋಡುತ್ತದಂತೆ. ಎಲ್ಲಿ ಬೆಂಕಿ ಹತ್ತಿದೆ, ಯಾವ ತಂತಿ ಕಾದಿದೆ, ಕತ್ತಲಿನಲ್ಲಿ ಬೇಲಿಯ ಆಚೆ ಯಾರು ನಿಂತಿದ್ದಾರೆ, ಎಲ್ಲ. "ಮನುಷ್ಯ ಬದುಕಿದ್ದರೆ ಇದಕ್ಕೆ ಕಾಣದೆ ಇರಲ್ಲ" ಎಂದ. ಪರದೆಯ ಮೇಲೆ ಬೆಂಚಿನ ಸಾಲು ಮೂಡಿತು. ಬಿಸಿ ಇದ್ದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ: ಮುಖಗಳು ಬೆಳ್ಳಗೆ, ಕೊರಳುಗಳು ಬೆಳ್ಳಗೆ. ಅವಳ ತಲೆಯ ಮೇಲೆ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಒಂದು ಕಪ್ಪು. ಆರು ಜನರಿಗೂ ಅದೇ ಮುಚ್ಚಳ, ಅದೇ ನೇರ ಅಂಚು. ಹುಡುಗಿಯ ಕೂದಲೂ ಕಪ್ಪಾಗಿಯೇ ಕಂಡರೂ ಬೈತಲೆಯ ಗೆರೆಯಲ್ಲಿ ಬೆಳಕು ಸೋರುತ್ತಿತ್ತು. ಅವಳು ತನ್ನ ಕೈಗಳನ್ನು ಹುಡುಕಿದಳು. ಮಣಿಕಟ್ಟಿನವರೆಗೆ ಬೆಳ್ಳಗಿದ್ದ ಕೈ ಬೆರಳುಗಳ ಕಡೆಗೆ ಬರುತ್ತ ಬೂದಿಯಾಗಿ, ತುದಿಯಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗಿತ್ತು. ತಣ್ಣೀರಿನಲ್ಲಿ ಅದ್ದಿದ್ದಕ್ಕೆ ಇರಬಹುದು. ಅಷ್ಟರಲ್ಲಿ ಗಿಣಿ, "ಅಯ್ಯಪ್ಪ, ಸೆಕೆ" ಎಂದು ತಲೆ ಕೆರೆದುಕೊಳ್ಳುವವಳ ಹಾಗೆ ವಿಗ್ಗನ್ನು ಎರಡು ಬೆರಳಷ್ಟು ಎತ್ತಿದಳು. ಪರದೆಯ ಮೇಲೆ ಅವಳ ಬೋಳುತಲೆ ಹುಣ್ಣಿಮೆಯ ಹಾಗೆ ಧಗ್ಗೆಂದು ಉರಿಯಿತು. ಎತ್ತರದವನ ನಗು ಅರ್ಧಕ್ಕೆ ನಿಂತಿತು. ಬಂದವರಲ್ಲಿದ್ದ ಹೆಂಗಸು ಚೀಲದ ಜಿಪ್ಪನ್ನು ಎಳೆದು ಮುಚ್ಚಿ ಮತ್ತೆ ಎಳೆದು ತೆಗೆದಳು. ಮೇಸ್ತ್ರಿ ಪರದೆಗೆ ಅಡ್ಡ ಬಂದು ನಿಂತು, "ಬನ್ನಿ, ಬನ್ನಿ, ಕೈಕೆಲಸ ತೋರಿಸ್ತೀನಿ. ಯಂತ್ರಕ್ಕಿಂತ ಹೆಚ್ಚು ನಮ್ಮ ಬೆರಳಕ್ಕ" ಎಂದು ಎಲ್ಲರನ್ನೂ ಅವಳ ಬೆಂಚಿನ ಸುತ್ತ ತಂದ.

ಮೇಸ್ತ್ರಿ ಕೆಟ್ಟವನಲ್ಲ. ಅಕ್ಕ ಎಂದೇ ಕರೆಯುತ್ತಾನೆ. ಅವಳ ಕಾಲು ಉರಿಯುತ್ತಿದ್ದಾಗ ಕೂರಲು ಎತ್ತರದ ಸ್ಟೂಲು ಹುಡುಕಿ ತಂದುಕೊಟ್ಟವನು. ಅವನು ಹತ್ತಿರ ಬಗ್ಗಿದಾಗ ಅವಳು ಮೊದಲ ಸಲ ಗಮನಿಸಿದಳು: ಅವನ ಹುಬ್ಬುಗಳು ಅರ್ಧಕ್ಕೇ ಮುಗಿಯುತ್ತಿದ್ದವು. ಹೊರತುದಿಗಳಲ್ಲಿ ಬರೀ ಚರ್ಮ. ಇವನಿಗೆ ಗೊತ್ತಿದೆಯೋ ಇಲ್ಲವೋ. ದಿನಾ ಕನ್ನಡಿ ನೋಡಿಕೊಂಡು ಗಡ್ಡ ಹೆರೆಯುತ್ತಾನಲ್ಲ.

"ಶುರು ಮಾಡಕ್ಕ. ನಿನ್ನ ಸೋದರ ಸೊಸೆಗೆ ನೀನೇ ದೀಕ್ಷೆ ಕೊಡು" ಎಂದ. ಗಾಜಿನ ಹಲಗೆ ಇಟ್ಟ, ಪಕ್ಕದಲ್ಲಿ ತೆಳು ಕಾಗದಗಳ ಕಟ್ಟು ಇಟ್ಟ. ಅಭ್ಯಾಸದ ಮೇಲೆ ಕೈ ಚಾಚಿದ: "ಒಂದು ಕೂದಲು ಕೊಡು."

ಹೇಳಿಬಿಟ್ಟ ಮೇಲೆ ಅವನಿಗೆ ತಿಳಿಯಿತು. ಚಾಚಿದ ಕೈ ಹಾಗೇ ಉಳಿಯಿತು. ಉಜ್ಜುವ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಬಂದವರು ಪದ್ಧತಿ ಏನೆಂದು ತಿಳಿಯದೆ, ಏನೋ ಸೊಗಸಾದದ್ದು ನಡೆಯಲಿದೆ ಎಂಬ ಮುಖ ಹೊತ್ತು ಕಾಯುತ್ತಿದ್ದರು. ಅವಳ ಕೈ ತಾನಾಗಿ ತಲೆಗೆ ಹೋಯಿತು. ಆ ಮುದುಕಿಯ ಕೈ ಹೋಗುತ್ತಿದ್ದ ಹಾಗೇ. ನೈಲಾನಿನ ಎಳೆಗಳ ನಡುವೆ ಬೆರಳು ಓಡಾಡಿತು, ಯಾವುದು ಎಳೆ ಯಾವುದು ಬೆರಳು ಎಂದು ತಿಳಿಯಲಿಲ್ಲ.

"ಅದು ಆಗಲ್ಲ ಬಿಡಕ್ಕ, ದಪ್ಪ" ಎಂದ ಮೇಸ್ತ್ರಿ, ತಗ್ಗಿದ ದನಿಯಲ್ಲಿ.

"ನನ್ನದು ತಗೊಳ್ಳಿ ಅತ್ತೆ" ಎಂದಳು ಹುಡುಗಿ. ಯಾರಾದರೂ ಬೇಡ ಎನ್ನುವ ಮುಂಚೆ ಜಡೆಯ ಪಕ್ಕದಿಂದ ಒಂದನ್ನು ಕಿತ್ತಳು. ಚಿಟ್ ಎಂದು ಕೇಳಿಸಿತು. ಹುಡುಗಿಯ ಮುಖದಲ್ಲಿ ಒಂದು ಚುಳ್ಳೆನ್ನುವ ನೋವು ಬಂದು ಹೋಯಿತು. ಅವಳು ಆ ನೋವನ್ನು ನೋಡಿದಳು. ಕೂದಲು ಅಷ್ಟು ಗಟ್ಟಿಯಾಗಿ ಬೇರು ಬಿಟ್ಟಿರುತ್ತದೆ, ಕಿತ್ತರೆ ನೋಯುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ತನ್ನದು ಬೇರಿಲ್ಲದ ಹಾಗೆ, ಯಾರದ್ದೋ ಸಾಮಾನು ಯಾರಿಗೋ ವಾಪಸ್ ಕೊಡುವ ಹಾಗೆ, ಹಿಡಿಹಿಡಿಯಾಗಿ ಬಂದಿತ್ತು.

ಮೇಸ್ತ್ರಿಗೆ ಹೋದ ಜೀವ ಬಂತು. ಕೂದಲನ್ನು ಗಾಜಿನ ಮೇಲೆ ಓರೆಯಾಗಿ ಮಲಗಿಸಿದ, ಕಾಗದ ಮುಚ್ಚಿದ. "ಮೊದಲು ಅಕ್ಕ ತೋರಿಸ್ತಾಳೆ" ಎಂದು ಬಂದವರಿಗೆ ಹೇಳಿದ. ಅವಳು ಬಲಗೈಯ ತೋರುಬೆರಳಿಟ್ಟಳು. ಕಣ್ಣು ಮುಚ್ಚಿದಳು. ಕಾಗದವೂ ಇಲ್ಲ, ಗಾಜೂ ಇಲ್ಲ, ಬೆಂಚೂ ಇಲ್ಲ. ಬೆರಳು ಎಲ್ಲಿಯೋ ಯಾವುದೋ ಊರಿನಲ್ಲಿ ಯಾವುದರ ಮೇಲೋ ಹರಿದಾಡುತ್ತಿತ್ತು. ಆದರೆ ಕೂದಲನ್ನು ಅವನು ಇಡುವಾಗ ಅವಳು ನೋಡಿದ್ದಳು, ಎಡಮೂಲೆಯಿಂದ ಕೆಳಕ್ಕೆ. ತಲೆಯನ್ನು ಒಂದು ಕಡೆ ವಾಲಿಸಿದಳು. "ಇಲ್ಲಿ" ಎಂದಳು. ಮೇಸ್ತ್ರಿ ಕಾಗದ ಎತ್ತಿದ. ಬೆರಳಿನ ನೇರಕ್ಕೇ ಕೂದಲು. ಬಂದವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಚೀಲದ ಹೆಂಗಸು, "ದೇವರು ಕೊಟ್ಟ ಕೈ" ಎಂದಳು. ಹುಡುಗಿ ಕಣ್ಣರಳಿಸಿ ಅತ್ತೆಯನ್ನೇ ನೋಡುತ್ತಿದ್ದಳು. ಆ ನೋಟ ನೇರವಾಗಿ ಬಂದು ಮುಖಕ್ಕೆ ತಾಗಿತು. ಮುಖಕ್ಕೆ ಇನ್ನೂ ತಾಗುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು.

"ಈಗ ನೀನು ಬಾಮ್ಮ" ಎಂದ ಮೇಸ್ತ್ರಿ ಹುಡುಗಿಗೆ. "ಗ್ಲೌಸ್ ತೆಗಿ. ಅಕ್ಕ, ಆ ಮಾತು ಹೇಳು, ಮಗು ಮಾತು. ಇವರೂ ಕೇಳ್ಲಿ."

ಹುಡುಗಿ ಹೊಸ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದಳು. ಮೊದಲು ಕಿರುಬೆರಳು. ಪಕ್ಕದಲ್ಲಿ ಬಟ್ಟಲಿನ ತುಂಬ ಉಜ್ಜುವ ನೀರು, ಕಿತ್ತಳೆಯ ಸಿಪ್ಪೆಯ ಬಣ್ಣ, ವಾಸನೆ ಇಲ್ಲದ್ದು. ಅವಳು ಬಾಯಿ ತೆರೆದಳು. ಮುದುಕಿ ಕಲಿಸಿದ್ದ ಆ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಎಷ್ಟೋ ಜನಕ್ಕೆ ಹೇಳಿದ್ದ ಮಾತು, ಗಿಣಿಗೂ ಹೇಳಿದ್ದು, ಮದುವೆಯ ಮಾತುಕತೆಯ ಹುಡುಗಿಗೂ ಹೇಳಿದ್ದು, ಮನೆಯಲ್ಲಿ ಕೂತವಳಿಗೂ ಹೇಳಿದ್ದು. ಅದಕ್ಕೂ ರುಚಿ ಇರಲಿಲ್ಲ.

ಅವಳು ಹೇಳಲಿಲ್ಲ. ಬದಲು ಅವಳ ಕೈ ಮುಂದಕ್ಕೆ ಹೋಗಿ ಹುಡುಗಿಯ ಎರಡೂ ಕೈಗಳ ಮೇಲೆ ಬಿದ್ದು, ಕೈಗವಸುಗಳ ಸಮೇತ ಬೆಂಚಿಗೆ ಒತ್ತಿ ಹಿಡಿಯಿತು.

"ಏನಕ್ಕ?"

"ತೆಗೆಯಲ್ಲ ಅವಳು."

"ಅಂದ್ರೆ?"

"ನನ್ನ ಬೆರಳು ಸತ್ತುಹೋಗಿದೆ" ಎಂದಳು. ದನಿ ಏರಲಿಲ್ಲ, ಅಂಗಡಿಯಲ್ಲಿ ದಾರ ಮುಗಿದಿದೆ ಎಂದು ಗಂಡ ಗಿರಾಕಿಗೆ ಹೇಳುವ ದನಿ. "ಯಾವಾಗಲೋ ಸತ್ತಿದೆ. ನೀನು ಕೂದಲು ಇಡೋದು ನೋಡಿ ಹೇಳಿದ್ದು ನಾನು. ಇಷ್ಟು ದಿನ ಪಾಸು ಮಾಡಿದ್ದೆಲ್ಲ ಹಾಗೇ. ಗಿಣಿ, ನೀನು ಉಜ್ಜಿದ್ದು ಎಷ್ಟೋ, ಅದರಲ್ಲಿ ಗೀರೇ ಇರಲಿಲ್ಲ ಕಣೇ."

ಗಿಣಿ ಎರಡೂ ಕೈಯಿಂದ ವಿಗ್ಗನ್ನು ಎತ್ತಿ, ಟೋಪಿ ಇಡುವವಳ ಹಾಗೆ, ಉಜ್ಜುವ ನೀರಿನ ಬಟ್ಟಲಿನ ಪಕ್ಕ ಇಟ್ಟಳು. ಆಚೆ ಪರದೆಯಲ್ಲಿ, ನೋಡುವವರು ಯಾರೂ ಇಲ್ಲದೆ, ಒಂದು ತಲೆ ಬೆಳ್ಳಗೆ ಉರಿಯುತ್ತಿತ್ತು.

ಮೇಸ್ತ್ರಿ ಬಂದವರ ಕಡೆ ನೋಡಿ ನಗಲು ಪ್ರಯತ್ನಿಸಿದ. ಅರ್ಧ ಹುಬ್ಬುಗಳು ಮೇಲಕ್ಕೆ ಹೋದವು. ಬಗ್ಗಿ ಅವಳ ಕಿವಿಯ ಹತ್ತಿರ ಬಂದು, "ಅಕ್ಕ, ಇದನ್ನ ಆಮೇಲೆ ಮಾತಾಡೋಣ. ಈಗ ಕೈ ತೆಗಿ. ಮಗು ಕಲೀಲಿ" ಎಂದ.

ಅವಳ ಕೈಯ ಕೆಳಗೆ ಹುಡುಗಿಯ ಕೈಗಳು ಮಿಸುಕುತ್ತಿದ್ದವು. ಮಿಸುಕುತ್ತಿವೆ ಎಂದು ಅವಳಿಗೆ ಕಂಡಿತು, ತಾಗಲಿಲ್ಲ. ಎಷ್ಟು ಬಲವಾಗಿ ಒತ್ತಿದ್ದೇನೆ, ಹುಡುಗಿಗೆ ನೋಯುತ್ತಿದೆಯೇ, ಅದೂ ತಿಳಿಯಲಿಲ್ಲ. ಇನ್ನಷ್ಟು ಒತ್ತಿದಳು.

"ಕೈ ತೆಗಿ ಅಂದೆನಲ್ಲ ಅಕ್ಕ."

"ಇಲ್ಲ" ಎಂದಳು.